ಅರವತ್ತು ದಾಟಿದವರ ರೋಡ್ ಬೈಕಿಗೆ ಕ್ಲಿಪ್-ಆನ್ ಏರೋಬಾರ್

ರೋಡ್ ಬೈಕ್ ಎಂಬ ವೇಗದ ಸೈಕಲ್ಲಿನ ಹ್ಯಾಂಡಲ್‌ಬಾರಿಗೆ ಎರಡು ಕ್ಲ್ಯಾಂಪ್‌ಗಳಿಂದ ಬಿಗಿಯುವ, ಮೊಣಕೈ ಊರಲು ಎರಡು ಪ್ಯಾಡ್‌ಗಳನ್ನೂ ಕೈ ಚಾಚಿ ಹಿಡಿಯಲು ಎರಡು ಕೊಳವೆಗಳನ್ನೂ ಹೊಂದಿರುವ ಸಾಧನವೇ ಕ್ಲಿಪ್-ಆನ್ ಏರೋಬಾರ್; ಸವಾರನ ಮೈ ಬಗ್ಗಿಸಿ ಗಾಳಿಯ ತಡೆ ತಗ್ಗಿಸುವುದು ಇದರ ಕೆಲಸ. ಕಳೆದ ಮುಂಗಾರಿಗೆ ಮುಂಚಿನಿಂದ ದಾವಣಗೆರೆಯ ಸುತ್ತಮುತ್ತಲಿನ ರಸ್ತೆಗಳಲ್ಲಿ ನಾನು ಬಳಸುತ್ತಿರುವುದು ಅಲ್ಯೂಮಿನಿಯಂನ ಒಂದು ಸಾಧಾರಣ ಜೋಡಿ. ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು, ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ಈ ಬೆಲೆಯಲ್ಲಿ ಸಿಗುವ ಜೋಡಿಗಳ ವಿನ್ಯಾಸ ಹೆಚ್ಚುಕಡಿಮೆ ಒಂದೇ ಬಗೆಯದಾದ್ದರಿಂದ ಕಂಪನಿಯ ಹೆಸರಿಗೆ ಇಲ್ಲಿ ಅಂಥ ಮಹತ್ವವಿಲ್ಲ. ಅರವತ್ತು ದಾಟಿದ ಸವಾರನಿಗೆ ಈ ಖರ್ಚು ಸಾರ್ಥಕವೇ ಎಂದು ಕೇಳಿದರೆ ನನ್ನ ಉತ್ತರ ಹೌದು. ಆದರೆ ಮುಂದಕ್ಕೆ ಚಾಚಿಕೊಂಡಿರುವ ಆ ಕೊಳವೆಗಳಿಗಿಂತ ಪ್ಯಾಡ್‌ಗಳ ಕೆಳಗೆ ಇಟ್ಟು ಅವನ್ನು ಎತ್ತರಿಸುವ ಬಿಲ್ಲೆಗಳಾದ ಸ್ಪೇಸರ್‌ಗಳೇ ನಮ್ಮ ವಯಸ್ಸಿಗೆ ಮುಖ್ಯ.

ಈ ಸಾಧನ ಬಳಕೆಯಾಗುವುದು ಟೈಮ್ ಟ್ರಯಲ್ ಸ್ಪರ್ಧೆಗಳಲ್ಲಿ. ಟೈಮ್ ಟ್ರಯಲ್ ಎಂದರೆ ಗಡಿಯಾರದೊಂದಿಗಿನ ಸ್ಪರ್ಧೆ. ಸವಾರರು ಸಾಮಾನ್ಯವಾಗಿ ಒಂದೊಂದು ನಿಮಿಷದ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ, ಮುಂದಿನವರ ಹಿಂದೆ ಗಾಳಿಯ ಮರೆಯಲ್ಲಿ ಸಾಗುವುದಕ್ಕೆ ಅವಕಾಶವಿಲ್ಲ. ಗುಂಪಿನ ನೂಕುನುಗ್ಗಲಾಗಲಿ, ಒಬ್ಬ ಬಿದ್ದರೆ ಹತ್ತು ಜನ ಬೀಳುವ ಅಪಾಯವಾಗಲಿ ಇಲ್ಲದಿರುವುದರಿಂದ ಹಿರಿಯ ಸವಾರರಿಗೆ ಇದಕ್ಕಿಂತ ಹೊಂದುವ ಸ್ಪರ್ಧೆ ಸೈಕ್ಲಿಂಗ್‌ನಲ್ಲಿ ಇನ್ನೊಂದಿಲ್ಲ. ಬ್ರಿಟನ್ನಿನಲ್ಲಿ ನಲವತ್ತು ದಾಟಿದವರಿಗೆಂದೇ ಒಂದು ಟೈಮ್ ಟ್ರಯಲ್ ಸಂಘವಿದ್ದು, ಅಲ್ಲಿ ಪ್ರತಿಯೊಂದು ವಯಸ್ಸಿಗೂ ದೂರಕ್ಕೆ ತಕ್ಕ ಒಂದು ನಿಗದಿತ ಕಾಲಮಾನವನ್ನು ಗೊತ್ತುಮಾಡಿ, ಸವಾರ ಅದಕ್ಕಿಂತ ಎಷ್ಟು ಬೇಗ ಮುಟ್ಟಿದ ಎಂಬುದನ್ನು ಲೆಕ್ಕ ಹಾಕುತ್ತಾರೆ. ಹೀಗಾಗಿ ಎಪ್ಪತ್ತೈದರವರು ನಲವತ್ತೈದರವರನ್ನು ಸೋಲಿಸಿ ಬಹುಮಾನ ಪಡೆಯುವುದು ಅಲ್ಲಿ ಅಚ್ಚರಿಯಲ್ಲ. ಫ್ರಾನ್ಸಿನ ರಾಬೆರ್ ಮಾರ್ಷಾಂ 2012ರಲ್ಲಿ, ತಮ್ಮ ನೂರನೆಯ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 24.25 ಕಿಲೋಮೀಟರ್ ಕ್ರಮಿಸಿದರು. ಎರಡು ವರ್ಷ ಅಭ್ಯಾಸ ಮಾಡಿ 2014ರಲ್ಲಿ ಅದನ್ನು 26.927 ಕಿಲೋಮೀಟರಿಗೆ ಏರಿಸಿದರು. ನಮ್ಮ ರಾಜ್ಯದಲ್ಲಿ ಸೈಕ್ಲಿಂಗ್‌ನ ತವರೆಂದರೆ ವಿಜಯಪುರ, ಬಾಗಲಕೋಟೆಯ ಕಡೆ. ಇಲ್ಲಿ ದಾವಣಗೆರೆಯಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಆನಗೋಡಿನ ಕಡೆಗೆ ಅಳೆದಿಟ್ಟ ದಾರಿಯಲ್ಲಿ ನಿಮಿಷಕ್ಕೊಬ್ಬರಂತೆ ಹೊರಟು, ಫಲಿತಾಂಶವನ್ನು ಬೆಣ್ಣೆದೋಸೆಯ ಮುಂದೆ ಚರ್ಚಿಸುತ್ತೇವೆ.

ಏರೋಬಾರಿನ ಉಪಯೋಗ ತಿಳಿಯಬೇಕಾದರೆ ಗಾಳಿಯ ಲೆಕ್ಕವನ್ನು ಸ್ವಲ್ಪ ನೋಡಬೇಕು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನಮ್ಮ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ, ಮತ್ತು ಆ ಗಾಳಿಗೆ ಅಡ್ಡವಾಗುವುದು ಸೈಕಲ್ಲಿಗಿಂತ ಹೆಚ್ಚಾಗಿ ಸವಾರನ ದೇಹವೇ. ಗಾಳಿಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆಯಾದ್ದರಿಂದ, ಗಂಟೆಗೆ 25 ಕಿಲೋಮೀಟರಿನಿಂದ 30ಕ್ಕೆ ಹೋಗಬೇಕಾದರೆ ಆ ಬಾಬತ್ತಿಗೇ ಶೇಕಡ 70ಕ್ಕೂ ಹೆಚ್ಚು ಶಕ್ತಿ ಬೇಕು. ಇಪ್ಪತ್ತೈದರ ಹುಡುಗ ಅದನ್ನು ಕಾಲಿನಿಂದ ತರಬಲ್ಲ. ವರ್ಷ ಕಳೆದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ, ಸ್ನಾಯು ಕರಗುತ್ತದೆ. ನಮಗೆ ಉಳಿದಿರುವ ದಾರಿ ಗಾಳಿಗೆ ಒಡ್ಡಿಕೊಳ್ಳುವ ಮೈಯನ್ನು ಕಿರಿದು ಮಾಡಿಕೊಳ್ಳುವುದು. ಇನ್ನೊಂದು ಸಂಗತಿಯನ್ನು ಹಲವರು ಗಮನಿಸುವುದಿಲ್ಲ: ಗಾಳಿಯ ತಡೆ ಒಂದೇ ಪ್ರಮಾಣದಲ್ಲಿ ತಗ್ಗಿದರೆ, ಅದೇ ದೂರಕ್ಕೆ ನಿಧಾನದ ಸವಾರನಿಗೆ ಉಳಿಯುವ ಸಮಯ ವೇಗದ ಸವಾರನದಕ್ಕಿಂತ ಹೆಚ್ಚು, ಏಕೆಂದರೆ ಆತ ರಸ್ತೆಯ ಮೇಲೆ ಇರುವ ಹೊತ್ತೇ ಹೆಚ್ಚು. ಏರೋಬಾರ್ ಚಾಂಪಿಯನ್ನರಿಗೆ ಮಾತ್ರ ಎಂಬ ಮಾತಿನಲ್ಲಿ ಹುರುಳಿಲ್ಲ.

ಈ ಸಾಧನ ಜಗತ್ತಿನ ಕಣ್ಣಿಗೆ ಬಿದ್ದದ್ದು 1989ರ, ಮೂರು ವಾರಗಳ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನಲ್ಲಿ. ಕೊನೆಯ ದಿನದ 24.5 ಕಿಲೋಮೀಟರ್ ಟೈಮ್ ಟ್ರಯಲ್‌ಗೆ ಮುನ್ನ ಒಟ್ಟು ಕಾಲದಲ್ಲಿ 50 ಸೆಕೆಂಡ್ ಹಿಂದುಳಿದಿದ್ದ ಗ್ರೆಗ್ ಲೆಮಾಂಡ್ ಏರೋಬಾರ್ ಹಿಡಿದು ಓಡಿಸಿ, ಅದನ್ನು ಬಳಸದ ಲೊರಾಂ ಫಿನ್ಯೋಂ ಅವರನ್ನು ಒಟ್ಟು 8 ಸೆಕೆಂಡ್‌ಗಳಿಂದ ಸೋಲಿಸಿದರು.

ಇನ್ನು ಜೋಡಣೆಯ ವಿಷಯ. ಚಿತ್ರಗಳಲ್ಲಿ ಕಾಣುವ ಯುವ ಸವಾರರು ಸೀಟಿಗಿಂತ ಪ್ಯಾಡ್‌ಗಳನ್ನು ಗೇಣುದ್ದ ಕೆಳಗಿಟ್ಟು, ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿಸಿರುತ್ತಾರೆ. ಅದನ್ನು ನಕಲು ಮಾಡಲು ಹೋದ ಅರವತ್ತರ ಸವಾರನಿಗೆ ಮೊದಲು ದೂರು ಹೇಳುವುದು ಕತ್ತು; ಮೈ ಬಗ್ಗಿದಷ್ಟೂ ಮುಂದಿನ ರಸ್ತೆ ನೋಡಲು ತಲೆಯನ್ನು ಹಿಂದಕ್ಕೆ ಎತ್ತಬೇಕಾಗುತ್ತದೆ, ಕತ್ತಿನ ಮೂಳೆ ಸವೆದವರಿಗೆ ಇದು ಅರ್ಧ ಗಂಟೆಯಲ್ಲೇ ತೋಳಿನವರೆಗೆ ಜೋಮು ಹಿಡಿಸುತ್ತದೆ. ಆದ್ದರಿಂದ ಖರೀದಿಸುವಾಗ ಪ್ಯಾಡ್‌ಗಳ ಕೆಳಗೆ ಸ್ಪೇಸರ್‌ಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತರಿಸಲು ಅವಕಾಶವಿದೆಯೇ ಎಂಬುದನ್ನೇ ಮೊದಲು ನೋಡಬೇಕು. ನನ್ನ ಜೋಡಿಯಲ್ಲಿ ಸುಮಾರು ಐದು ಸೆಂಟಿಮೀಟರ್ ಎತ್ತರಿಸಬಹುದು, ನಾನು ಅಷ್ಟನ್ನೂ ಬಳಸಿಕೊಂಡಿದ್ದೇನೆ. ನೋಡುವವರಿಗೆ ಇದು ಅಷ್ಟೇನೂ ಚಂದವಲ್ಲ. ಆದರೆ ಎತ್ತರದ ಭಂಗಿಯಲ್ಲಿ ಒಂದು ಗಂಟೆ ಕದಲದೆ ಇರಬಲ್ಲವನು, ತಗ್ಗಿನ ಭಂಗಿಯಲ್ಲಿ ಐದು ನಿಮಿಷಕ್ಕೊಮ್ಮೆ ಎದ್ದು ಕೂರುವವನಿಗಿಂತ ಮುಂಚೆ ಗುರಿ ಮುಟ್ಟುತ್ತಾನೆ. ಗಾಳಿಯ ಲಾಭ ಬಹುಮಟ್ಟಿಗೆ ಮೊಣಕೈಗಳು ಹತ್ತಿರ ಬಂದು ಎದೆ ಕಿರಿದಾಗುವುದರಿಂದ ಬರುತ್ತದೆಯೇ ಹೊರತು ಬೆನ್ನು ನೆಲಕ್ಕೆ ಅಂಟುವುದರಿಂದಲ್ಲ.

ಸೀಟನ್ನು ಒಂದೆರಡು ಸೆಂಟಿಮೀಟರ್ ಮುಂದಕ್ಕೆ ಸರಿಸುವುದೂ ಅಗತ್ಯ. ಹಾಗೆ ಮಾಡದಿದ್ದರೆ ಪೆಡಲ್ ಮೇಲಕ್ಕೆ ಬಂದಾಗ ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಕಟ್ಟುತ್ತದೆ. ನಡುವಯಸ್ಸಿನ ಹೊಟ್ಟೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಕ್ಕೆ ಬಾಗಿದಾಗ ಸೊಂಟ ತಿರುಗಿ ಭಾರವು ಕೂರುವ ಮೂಳೆಗಳಿಂದ ಮೃದು ಭಾಗಕ್ಕೆ ಬೀಳುವುದರಿಂದ, ಪ್ರಾಸ್ಟೇಟ್ ತೊಂದರೆ ಇರುವವರು ಮೂಗು ಮೊಂಡಾದ, ನಡುವೆ ಸೀಳಿರುವ ಸೀಟನ್ನು ಇದರೊಂದಿಗೇ ಕೊಳ್ಳುವುದು ಒಳ್ಳೆಯದು. ಆ ಖರ್ಚನ್ನು ಏರೋಬಾರಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು.

ಕನ್ನಡಕದ ತೊಂದರೆಯನ್ನು ಯಾವ ತಯಾರಕನೂ ತನ್ನ ಪುಸ್ತಿಕೆಯಲ್ಲಿ ಬರೆಯುವುದಿಲ್ಲ. ಪ್ರೋಗ್ರೆಸಿವ್ ಗಾಜಿನಲ್ಲಿ ದೂರದ ನೋಟ ಮೇಲ್ಭಾಗದಲ್ಲಿ, ಓದುವ ನೋಟ ಕೆಳಭಾಗದಲ್ಲಿ ಇರುತ್ತದೆ. ಏರೋ ಭಂಗಿಯಲ್ಲಿ ತಲೆ ತಗ್ಗಿರುವುದರಿಂದ ನಾವು ರಸ್ತೆಯನ್ನು ನೋಡುವುದು ಗಾಜಿನ ತುದಿಯಂಚಿನಿಂದ, ಬೆವರಿಗೆ ಫ್ರೇಮ್ ಮೂಗಿನಿಂದ ಜಾರಿತೆಂದರೆ ಫ್ರೇಮಿನ ಮೇಲಿನಿಂದ. ಮುಂದಿರುವುದು ನೀರಿನ ಕಲೆಯೋ ಗುಂಡಿಯೋ ಎಂದು ತಿಳಿಯುವಷ್ಟರಲ್ಲಿ ಚಕ್ರ ಅದರೊಳಗಿರುತ್ತದೆ. ದೂರದೃಷ್ಟಿಯ ಒಂದೇ ಪವರಿನ, ಮೇಲಂಚು ಎತ್ತರವಿರುವ ಕ್ರೀಡಾ ಕನ್ನಡಕವೊಂದನ್ನು ಮಾಡಿಸಿಕೊಂಡು, ಸೈಕಲ್ ಕಂಪ್ಯೂಟರಿನಲ್ಲಿ ಅಂಕಿಗಳನ್ನು ದೊಡ್ಡದಾಗಿಸಿ ಎರಡೇ ಸಾಲು ಇಟ್ಟುಕೊಂಡರೆ ಈ ಸಮಸ್ಯೆ ಮುಗಿಯುತ್ತದೆ.

ಈ ಸಾಧನದ ನಿಜವಾದ ದೋಷ ಬ್ರೇಕ್. ಕೈಗಳು ಕೊಳವೆಗಳ ಮೇಲಿರುವಾಗ ಬ್ರೇಕ್ ಲಿವರ್‌ಗಳು ದೂರ ಉಳಿಯುತ್ತವೆ. ಕೈ ತೆಗೆದು ಅಲ್ಲಿಗೆ ಒಯ್ಯಲು ಒಂದೆರಡು ಸೆಕೆಂಡ್ ಬೇಕು, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ಎಂದರೆ ಎಂಟು ಮೀಟರಿಗೂ ಹೆಚ್ಚು. ಜೋಡಿಸಿಕೊಟ್ಟ ಮೆಕ್ಯಾನಿಕ್ ಎಲ್ಲ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಯಜಮಾನ್ರೇ, ಹಿಂಗ್ ಮಕ್ಕಂಡು ಹೊಡದ್ರೆ ಬ್ರೇಕ್ ಯಾವಾಗ ಹಿಡೀತೀರಿ?" ಎಂದು ಕೇಳಿದ. ಮೆಕ್ಕೆಜೋಳದ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ದಸರೆ, ದೀಪಾವಳಿಯ ಹೊತ್ತಿಗೆ ಸರ್ವಿಸ್ ರಸ್ತೆಯ ಅರ್ಧ ಭಾಗದಲ್ಲಿ ಕಾಳು ಒಣಗುತ್ತಿರುತ್ತದೆ, ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಚದುರಿದ ಕಾಳಿನ ಮೇಲೆ 25 ಮಿಲಿಮೀಟರಿನ ಟೈರ್ ಏರಿದರೆ ನಿಲ್ಲುವ ಮಾತೇ ಇಲ್ಲ. ರೈತರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಕಣ ಬೇಕು. ಸೈಕಲ್ ಸವಾರಿಯಿಂದ ಹೃದಯ ಗಟ್ಟಿಯಾದೀತು, ಆದರೆ ನಡಿಗೆಯಂತೆ ಮೂಳೆ ಗಟ್ಟಿಯಾಗುವುದಿಲ್ಲ. ನಮ್ಮ ವಯಸ್ಸಿನಲ್ಲಿ ಒಮ್ಮೆ ಬಿದ್ದರೆ ತೊಡೆಮೂಳೆಯ ವಿಷಯ. ಕಾಳು ಒಣಗುವ ಆ ಎರಡು ತಿಂಗಳು ನಾನು ಕೊಳವೆಗಳನ್ನು ಬಿಚ್ಚಿಡುತ್ತೇನೆ. ಹೆದ್ದಾರಿಯ ಮುಖ್ಯ ಪಥದಲ್ಲಿ, ಊರೊಳಗೆ, ಯಾರದಾದರೂ ಚಕ್ರದ ಹಿಂದೆ ಇರುವಾಗ ಇದರ ಮೇಲೆ ಮೊಣಕೈ ಇಡಲೇಬಾರದು.

ಗಾಳಿಯ ವಿಷಯದಲ್ಲೂ ಎಚ್ಚರ ಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಭರಮಸಾಗರ ದಾಟಿ ದುರ್ಗದ ಕಡೆ ಹೊರಟರೆ ಗಾಳಿ ಪಕ್ಕದಿಂದ ಬಡಿಯುತ್ತದೆ. ಎರಡೂ ಕೈ ನಡುವೆ ಕೂಡಿಕೊಂಡಿರುವಾಗ ಹ್ಯಾಂಡಲ್‌ಬಾರಿನ ಹಿಡಿತ ಕಡಿಮೆ, ಲಾರಿಯೊಂದು ದಾಟಿದಾಗ ಸೈಕಲ್ ಒಂದು ಮೊಳ ಅತ್ತಿತ್ತ ಸರಿಯುತ್ತದೆ. ಅಲ್ಲಿ ಪುನಃ ಹ್ಯಾಂಡಲ್‌ಬಾರನ್ನೇ ಅಗಲವಾಗಿ ಹಿಡಿಯುವುದು ಕ್ಷೇಮ. ಎದುರುಗಾಳಿಯಲ್ಲಿ ಮಾತ್ರ ಇದರ ಬೆಲೆ ತಿಳಿಯುತ್ತದೆ: ಅದೇ ದಾರಿಯಲ್ಲಿ ದಾವಣಗೆರೆಗೆ ಹಿಂದಿರುಗುವಾಗ, ಅದೇ ಹೃದಯಬಡಿತಕ್ಕೆ, ಗಂಟೆಗೆ ಒಂದೂವರೆ ಎರಡು ಕಿಲೋಮೀಟರ್ ಹೆಚ್ಚು ವೇಗ ನನಗೆ ಸಿಗುತ್ತಿದೆ.

ಜೋಡಣೆಯ ಸೇವೆಯ ಬಗ್ಗೆ ಒಂದು ಆಕ್ಷೇಪ. ಕ್ಲ್ಯಾಂಪಿನ ಬೋಲ್ಟ್‌ಗಳನ್ನು ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್ ತಿರುಚುಬಲದಲ್ಲಿ ಬಿಗಿಯಬೇಕು, ಅದಕ್ಕೆ ಆ ಬಲವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಬೇಕು. ನಾನು ಹೋದ ಅಂಗಡಿಯಲ್ಲಿ ಅದು ಇರಲಿಲ್ಲ. ಅಲೆನ್ ಕೀಗೆ ಕೈಯಂದಾಜಿನಲ್ಲೇ ಬಲ ಹಾಕಿ ಬಿಗಿದರು, ಮೊದಲ ಉಬ್ಬಿನಲ್ಲೇ ಎಡಗಡೆಯ ಪ್ಯಾಡ್ ಕೆಳಕ್ಕೆ ತಿರುಗಿತು. ಸಣ್ಣ ಟಾರ್ಕ್ ರೆಂಚ್ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ. ಕೊಳ್ಳುವ ಮುನ್ನ ಹ್ಯಾಂಡಲ್‌ಬಾರನ್ನೂ ಪರೀಕ್ಷಿಸಬೇಕು: ಕ್ಲ್ಯಾಂಪ್ ಕೂರುವ ಜಾಗ ದುಂಡಗಿದ್ದು 31.8 ಮಿಲಿಮೀಟರ್ ವ್ಯಾಸವಿರಬೇಕು, ಮೇಲ್ಭಾಗ ಚಪ್ಪಟೆಯಾಗಿರುವ ಹ್ಯಾಂಡಲ್‌ಬಾರಿಗೆ ಇದು ಕೂರುವುದಿಲ್ಲ, ಕಾರ್ಬನ್ ಹ್ಯಾಂಡಲ್‌ಬಾರ್ ಆದರೆ ಅದರ ತಯಾರಕರ ಒಪ್ಪಿಗೆ ಇದ್ದರೆ ಮಾತ್ರ ಹಾಕಬೇಕು. ಕೊಳವೆಗಳ ತುದಿ ನೇರ, ಮೇಲ್ಮುಖ, ಎಸ್ ಆಕಾರ ಎಂದು ಹಲವು ಬಗೆ. ಮಣಿಕಟ್ಟು ನೋಯುವವರಿಗೆ ತುಸು ಮೇಲ್ಮುಖವಾದದ್ದೇ ಹಿತ.

ಕತ್ತಿನ ನೋವಿಗೆ ಈಗಾಗಲೇ ಚಿಕಿತ್ಸೆಯಲ್ಲಿರುವವರು, ತಲೆಸುತ್ತು ಇರುವವರು ವೈದ್ಯರನ್ನು ಕೇಳದೆ ಇದನ್ನು ಕೊಳ್ಳಬಾರದು. ಉಳಿದವರು ಲಕ್ಷಗಟ್ಟಲೆ ಸುರಿದು ಟೈಮ್ ಟ್ರಯಲ್ ಸೈಕಲ್ಲನ್ನೇ ತರುವ ಮೊದಲು ಒಂದು ವರ್ಷ ಈ ಕ್ಲಿಪ್-ಆನ್ ಜೋಡಿಯಲ್ಲಿ ಓಡಿಸಿ ನೋಡಲಿ. ಬೇಡವೆನಿಸಿದರೆ ನಾಲ್ಕು ಬೋಲ್ಟ್ ಬಿಚ್ಚಿದರೆ ಹಳೆಯ ಸೈಕಲ್ ಹಳೆಯದಾಗಿಯೇ ಸಿಗುತ್ತದೆ. ಪ್ಯಾಡಿನ ಸ್ಪಂಜು ನಮ್ಮ ಬೇಸಿಗೆಯ ಬೆವರು ಕುಡಿದು ಬೇಗ ನಾರುತ್ತದೆ, ವೆಲ್ಕ್ರೋ ಬಿಟ್ಟುಕೊಳ್ಳುತ್ತದೆ. ಬದಲಿ ಸ್ಪಂಜು ಬಿಡಿಯಾಗಿ ಸಿಗುವ ಮಾದರಿಯನ್ನೇ ಆರಿಸಿಕೊಂಡು, ಒಂದು ಹೆಚ್ಚುವರಿ ಜೊತೆಯನ್ನು ಮೊದಲ ದಿನವೇ ತರಿಸಿಟ್ಟುಕೊಳ್ಳಬೇಕು.