ಚಂದ್ರಂಪಳ್ಳಿ: ಟೆಂಟ್ ಹಾಕಲು ನೆಲ ಹೇಗಿದೆ?

ಕಲಬುರಗಿಯಿಂದ ಸುಮಾರು 85 ಕಿ.ಮೀ. ದೂರದ ಚಿಂಚೋಳಿ ದಾಟಿದರೆ ಚಂದ್ರಂಪಳ್ಳಿ ಜಲಾಶಯ. ಸುತ್ತ ಗುಡ್ಡ, 2011ರಲ್ಲಿ ವನ್ಯಜೀವಿ ಧಾಮವಾದ ಕಾಡು. ಈ ಬಿಸಿಲುನಾಡಿನಲ್ಲಿ ಇಷ್ಟು ಚೆಂದದ ಜಾಗ ಇನ್ನೊಂದು ಸಿಗೋದು ಕಷ್ಟ.

ತೊಡಕಿರೋದು ನೆಲದಲ್ಲಿ. ಮೇಲೆ ನಾಲ್ಕು ಬೆರಳು ಕೆಮ್ಮಣ್ಣು, ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ಎರಡೇ ಏಟಿಗೆ ಡೊಂಕಾಗುತ್ತದೆ. ಎಂಟಿಂಚಿನ ಕಬ್ಬಿಣದ ಮೊಳೆ ಒಯ್ಯಿರಿ. ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಬಡಿಯಿರಿ, ನೆಟ್ಟಗೆ ಬಡಿದರೆ ಗಾಳಿಗೆ ಕಿತ್ತು ಬರುತ್ತದೆ. ಅದೂ ಇಳಿಯಲಿಲ್ಲವೆಂದರೆ ಹಗ್ಗವನ್ನು ಗಟ್ಟಿ ಕಡ್ಡಿಗೆ ಕಟ್ಟಿ, ಅಡ್ಡ ಮಲಗಿಸಿ, ಮೇಲೆ ಹತ್ತು ಕಿಲೋ ಕಲ್ಲು ಹೇರಿ.

ನೀರಿನ ಅಂಚಿನ ಆಸೆ ಬೇಡ. ಅಲ್ಲಿ ತೇವ ಹೆಚ್ಚು, ಚಳಿಗಾಲದ ಬೆಳಗಿನ ಜಾವ ಟೆಂಟಿನ ಬಟ್ಟೆಯ ಒಳಮೈ ಮೇಲೆ ಹನಿಗಟ್ಟಿ ಹಾಸಿಗೆಗೇ ಸುರಿಯುತ್ತದೆ. 50 ಮೀಟರ್ ಮೇಲಕ್ಕೆ ಸರಿಯಿರಿ, ಜಾಲರಿ ಕಿಟಕಿ ತೆರೆದಿಡಿ.

ರಾತ್ರಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ತಲೆಗೆ ಐದು ಲೀಟರ್ ಕುಡಿಯುವ ನೀರು ಒಯ್ಯಿರಿ. ಒಣಗಿದ ಎಲೆ ಕಾಲಡಿ ಚರಚರ ಅನ್ನುವ ಕಾಡು, ಬೆಂಕಿ ಹಚ್ಚಲೇಬೇಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಒಲೆಯ ಮಾತೇ ಬರೋದಿಲ್ಲ.