ಬೋಲ್ಟ್ ಬಿಗಿದು ಗೇರ್‌ಬಾಕ್ಸ್ ಕೂರಿಸಬೇಡಿ

ಎಂಜಿನ್ ಬಿಚ್ಚಿ ಕಟ್ಟಿ, ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಮನೆಯಲ್ಲೇ ವಾಪಸ್ ಕೂರಿಸುವ ಯೋಚನೆ ಇದ್ದವರು ಇದನ್ನು ಓದಿ. ನನ್ನ ಹಳೇ ಕಾರಿನಲ್ಲಿ ಒಂದೇ ಸಂಜೆ ಗೇರ್‌ಬಾಕ್ಸಿನ ಆಯಿಲ್ ಪಂಪೂ ಹೋಯಿತು, ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಹೊಸ ಕ್ಯಾಮ್‌ಶಾಫ್ಟೂ ಹೋಯಿತು.

ಗೇರ್‌ಬಾಕ್ಸ್ ಏರಿಸಲು ಅನುಭವ ಇರುವ ಮೆಕ್ಯಾನಿಕ್ ಒಬ್ಬರನ್ನು ಕರೆದಿದ್ದೆ. ಜಾಕ್ ಮೇಲೆ ಎತ್ತಿ ಎಂಜಿನ್‌ಗೆ ತಾಗಿಸಿದಾಗ ನಡುವೆ ಬೆರಳಿನಷ್ಟು ಸಂದಿ ಉಳಿಯಿತು. "ಬೋಲ್ಟ್ ಹಾಕಿ ಬಿಗಿಯೋಣ ಸಾರ್, ತಾನೇ ಎಳ್ಕೊಳ್ಳುತ್ತೆ" ಎಂದರು. ಎಳೆದುಕೊಂಡಿತು, ನಿಜ.

ಅಂಥ ಸಂದಿ ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮೇಲೆ. ಅದು ಗೇರ್‌ಬಾಕ್ಸಿನ ಒಳಗೆ ಪೂರ್ತಿ ಕೂತಿರುವುದಿಲ್ಲ. ಇನ್‌ಪುಟ್ ಶಾಫ್ಟಿನ ಹಲ್ಲು, ಸ್ಟೇಟರ್ (ಕನ್ವರ್ಟರ್ ಒಳಗಿನ ನಡುಚಕ್ರ) ಹಲ್ಲು, ಕೊನೆಗೆ ಪಂಪಿನ ಗೇರ್, ಹೀಗೆ ಒಂದೊಂದಕ್ಕೂ ಸಿಕ್ಕಿಕೊಳ್ಳುತ್ತಾ ಒಳಗಿಳಿಯಬೇಕು. ತಿರುಗಿಸುತ್ತಾ ಒತ್ತಿದರೆ ಪ್ರತಿ ಸಲ 'ಟಕ್' ಅಂತ ಇಳಿಯುವುದು ಕೈಗೇ ಗೊತ್ತಾಗುತ್ತದೆ. ಕೊನೆಯ ಟಕ್ ಆಗದೆ ಬೋಲ್ಟ್ ಬಿಗಿದರೆ ಕನ್ವರ್ಟರಿನ ಮೂತಿ ಪಂಪಿನ ಗೇರನ್ನು ಅಮುಕಿ ಒಡೆಯುತ್ತದೆ. ಏರಿಸುವಾಗ ಅದು ಮುಂದಕ್ಕೆ ಜಾರುವುದೂ ಉಂಟು, ಒಂದು ಪಟ್ಟಿ ಅಡ್ಡ ಕಟ್ಟಿಕೊಳ್ಳಿ.

ಬೆಲ್ ಹೌಸಿಂಗ್, ಅಂದರೆ ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚ, ಕೈಯಲ್ಲೇ ಬಂದು ಎಂಜಿನ್‌ಗೆ ಕೂರಬೇಕು. ಕೂತ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಅದಕ್ಕೂ ಫ್ಲೆಕ್ಸ್‌ಪ್ಲೇಟಿಗೂ (ಎಂಜಿನ್ ಹಿಂದೆ ಕನ್ವರ್ಟರನ್ನು ಬಿಗಿಯುವ ತಟ್ಟೆ) ನಡುವೆ ಸ್ವಲ್ಪ ಜಾಗ ಇರಬೇಕು. ಎಷ್ಟೋ ಗಾಡಿಗಳಲ್ಲಿ ಅದು ಸುಮಾರು 3ರಿಂದ 5 ಮಿ.ಮೀ., ನಿಮ್ಮ ಗಾಡಿಯದ್ದು ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ನೋಡಿ. ತಿರುಗುತ್ತಿಲ್ಲವೇ? ಗೇರ್‌ಬಾಕ್ಸ್ ಇಳಿಸಿ. ಬೆನ್ನು ನೋವಾದರೂ ಇಳಿಸಿ.

ಇನ್ನು ಎಂಜಿನ್ ಕಥೆ. ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಪ್ರೆಶರ್ ಬರಿಸಿಕೊಂಡಿದ್ದೆವು, ಒಂದೇ ಸೆಲ್ಫ್ ಸ್ಟಾರ್ಟ್‌ಗೆ ಹತ್ತಿಕೊಂಡಿತು. ಖುಷಿಯಲ್ಲಿ ಮೆಕ್ಯಾನಿಕ್ ರೇಸ್ ಇಳಿಸಿ ಗೇರ್ ಹಾಕಿ ನೋಡಿದರು. ಡ್ರೈವೂ ಇಲ್ಲ, ರಿವರ್ಸೂ ಇಲ್ಲ, ಬರೀ ಕುಯ್ಯೋ ಅನ್ನುವ ಸದ್ದು, ಪಂಪ್ ಒಡೆದಿತ್ತಲ್ಲ. ಗೇರ್ ಆಯಿಲ್ ಕಡಿಮೆ ಇರಬೇಕು ಅಂತ ಸುರಿದರು, ಲಿವರ್ ಹಿಂದೆ ಮುಂದೆ ಆಡಿಸಿದರು. ಅಷ್ಟು ಹೊತ್ತೂ ಎಂಜಿನ್ ಸ್ಲೋನಲ್ಲೇ ಓಡುತ್ತಿತ್ತು.

ರೋಲರ್ ಇಲ್ಲದ, ಚಪ್ಪಟೆ ತಳದ ಟ್ಯಾಪೆಟ್ (ಕ್ಯಾಮ್‌ನ ಉಬ್ಬಿನ ಮೇಲೆ ಜಾರುತ್ತಾ ವಾಲ್ವ್ ತೆರೆಸುವ ತುಂಡು) ಇರುವ ಹೊಸ ಕ್ಯಾಮ್‌ಗೆ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಕ್ರ್ಯಾಂಕ್ ತಿರುಗುವಾಗ ಎರಚುವ ಆಯಿಲೇ ಅದಕ್ಕೆ ಜೀವ. ಸ್ಲೋನಲ್ಲಿ ಆ ಎರಚಾಟ ಸಾಲುವುದಿಲ್ಲ. ಅದಕ್ಕೇ ಮೊದಲ 20-30 ನಿಮಿಷ 2000ದಿಂದ 2500 ಆರ್‌ಪಿಎಂನಲ್ಲಿ, ಸ್ವಲ್ಪ ಏರಿಸಿ ಇಳಿಸುತ್ತಾ ಓಡಿಸುವುದು. ಏನಾದರೂ ತೊಂದರೆ ಕಂಡರೆ ಪೂರ್ತಿ ಆಫ್ ಮಾಡಿ, ಸರಿಪಡಿಸಿ, ಮತ್ತೆ ಹಚ್ಚಿ ಸೀದಾ ಆ ಸ್ಪೀಡಿಗೆ ಒಯ್ಯಬಹುದು. ಗೇರ್ ಪರೀಕ್ಷೆ ಆಮೇಲೆ. ನಮ್ಮದರಲ್ಲಿ ಟಿಕ್ ಟಿಕ್ ಶುರುವಾಯಿತು. ಬಿಚ್ಚಿದರೆ ಕ್ಯಾಮ್‌ನ ಒಂದು ಉಬ್ಬು ಸವೆದು ಬೋಳಾಗಿತ್ತು, ಆಯಿಲ್ ತುಂಬಾ ಮಿನುಗುವ ಪುಡಿ.

ನಿಮಗೂ ಹೀಗೇ ಆಗಿದ್ದರೆ ಸುಮ್ನೆ ಪಂಪ್, ಕ್ಯಾಮ್ ಬದಲಿಸಿ ಸ್ಟಾರ್ಟ್ ಮಾಡಬೇಡಿ. ಕ್ಯಾಮ್ ಜೊತೆ ಟ್ಯಾಪೆಟ್‌ಗಳೂ ಹೊಸದೇ ಆಗಬೇಕು, ಬೇರಿಂಗ್‌ಗಳನ್ನು ತೆಗೆದು ನೋಡಬೇಕು. ಪಂಪಿನ ಚೂರುಗಳು ಕನ್ವರ್ಟರ್‌ನಲ್ಲೂ ಗೇರ್ ಆಯಿಲ್ ಕೂಲರ್ ಪೈಪುಗಳಲ್ಲೂ ಕೂತಿರುತ್ತವೆ. ಕೂಲರನ್ನು ಜನ ಮರೆಯುವುದೇ ಜಾಸ್ತಿ.