ಸೊಂಟದ ಕೀಲು ಸವೆತ: ಜೀನ್ ಟೆಸ್ಟ್ ಮಾಡಿಸೋದಾ, ಮೂಳೆ ಡಾಕ್ಟರಿಗೆ ತೋರಿಸೋದಾ?

ಅಮ್ಮನಿಗೆ ಸೊಂಟದ ಕೀಲು ಸವೆದಿದೆ, ನನಗೂ ಬರುತ್ತದಾ ಅನ್ನುವ ಭಯ ಸಹಜ. ಈ ಸವೆತದಲ್ಲಿ ವಂಶದ ಪಾಲು ದೊಡ್ಡದೇ. ಆದರೆ ಎಂಜಲು ಕೊಟ್ಟು ಮಾಡಿಸುವ ಜೀನ್ ಟೆಸ್ಟ್ ಹೇಳುವುದು ಸಾಧ್ಯತೆ ಮಾತ್ರ. ಎಷ್ಟೋ ಜೀನ್‌ಗಳು, ಒಂದೊಂದರದ್ದೂ ಚೂರುಚೂರು ಪ್ರಭಾವ. ಆ ಲೆಕ್ಕಕ್ಕೆ ಆಧಾರವೂ ಬಹುಪಾಲು ಯುರೋಪ್ ಮೂಲದವರ ಮಾಹಿತಿ. ಫಲಿತಾಂಶ ಏನೇ ಬರಲಿ, ಸಲಹೆ ಅದೇ: ತೂಕ ಹತೋಟಿಯಲ್ಲಿಡಿ, ವ್ಯಾಯಾಮ ಮಾಡಿ. ಅದಕ್ಕೆ ಸುಮ್ನೆ ದುಡ್ಡು ಯಾಕೆ, ಅಲ್ವಾ?

ಚಕ್ಕಳಮಕ್ಕಳ ಹಾಕಿ ಕೂರುವಾಗ ತೊಡೆಸಂದು ನೋಯುತ್ತಿದ್ದರೆ ಮೂಳೆ ಡಾಕ್ಟರೇ ಸರಿ. ಕಾಲು ಮಡಿಸಿ, ಒಳಕ್ಕೆ ತಿರುಗಿಸಿ ನೋಡುತ್ತಾರೆ. ಎಕ್ಸ್‌ರೇಯಲ್ಲಿ ಕೀಲಿನ ಸಂದು ಕಿರಿದಾಗಿರುವುದು ಕಾಣುತ್ತದೆ. ಶುರುವಿನ ಸವೆತ ಕಾಣದೇ ಇರಬಹುದು, ನಿಜ. ಪಾವಗಡ, ಬಾಗೇಪಲ್ಲಿ ಕಡೆಯವರು ಬೋರ್‌ವೆಲ್ ನೀರಿನ ಫ್ಲೋರೈಡ್ ವಿಚಾರವನ್ನೂ ಡಾಕ್ಟರಿಗೆ ಹೇಳಿ. ಅದರಿಂದಲೂ ಕೀಲು ಬಿಗಿಯಾಗಿ ನೋಯುತ್ತದೆ.